ಹೆಗಲ ಮೇಲಿನ ಕೈ

ನನ್ನ ಗಂಡನನ್ನು ಇನ್ನೊಬ್ಬಳ ಜೊತೆ ಕೂರಿಸಿ ಆಕಾಶಕ್ಕೆ ಎಳೆದು ಕಳಿಸುವುದು ನನ್ನ ಕೆಲಸ. ನಗಬೇಡಿ, ಸಂಬಳ ತಗೊಂಡು ಮಾಡುವ ಕೆಲಸ ಇದು. ಇವರು ಗ್ಲೈಡರ್ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಗ್ಲೈಡರಿಗೆ ಎಂಜಿನ್ ಇರುವುದಿಲ್ಲ, ತಾನಾಗಿ ಮೇಲೇಳಲು ಅದಕ್ಕೆ ಬರುವುದಿಲ್ಲ. ಮೈದಾನದ ಒಂದು ತುದಿಯಲ್ಲಿ ಅದು ರೆಕ್ಕೆ ಚಾಚಿಕೊಂಡು ಕೂತಿರುತ್ತದೆ. ಇನ್ನೊಂದು ತುದಿಯಲ್ಲಿ ಹಳೇ ಲಾರಿಯ ಎಂಜಿನ್ ಕೂರಿಸಿದ, ಹಗ್ಗ ಎಳೆಯುವ ವಿಂಚಿನ ಮೇಲೆ, ಕಬ್ಬಿಣದ ಜಾಲರಿಯ ಪಂಜರದೊಳಗೆ, ನಾನು ಕೂತಿರುತ್ತೇನೆ. ನಡುವೆ ಮೈದಾನದುದ್ದಕ್ಕೂ ಉಕ್ಕಿನ ಹಗ್ಗ. ಆ ಕಡೆ ಬಾವುಟ ಬೀಸಿದರೆ ಈ ಕಡೆ ನಾನು ಎಂಜಿನ್ ಒತ್ತುತ್ತೇನೆ, ಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ. ಮೇಲೆ ಹೋದ ಮೇಲೆ ಅವರು ಕೊಂಡಿ ಕಳಚುತ್ತಾರೆ, ಹಗ್ಗ ಕೆಳಗೆ ಬೀಳುತ್ತದೆ. ಆಮೇಲೆ ಅವರು ಹಾರುತ್ತಾರೆ, ನಾನು ಹಗ್ಗ ಸುತ್ತುತ್ತೇನೆ.

ಬಾವುಟ ಬೀಸುವವರು ಮೀಸೆ ಮಾವ, ಇವರ ಸೋದರಮಾವ. "ಗಂಡ ಹಾರಾಡ್ತಾನೆ, ಹೆಂಡ್ತಿ ಹಗ್ಗ ಹಿಡ್ಕೊಂಡು ಕೂತಿರ್ತಾಳೆ. ಎಲ್ಲರ ಮನೇಲೂ ಇದೇ ಕಣಮ್ಮ, ನಿಮ್ಮ ಮನೇಲಿ ಮಾತ್ರ ಕಣ್ಣಿಗೆ ಕಾಣುತ್ತೆ," ಎಂದು ಎಲ್ಲರೆದುರು ಹೇಳಿ ನಗುತ್ತಾರೆ. ನಾನೂ ನಗುತ್ತಿದ್ದೆ, ಕಡ್ಡಿ ಬರುವ ತನಕ.

ಕಡ್ಡಿ ಎಂದರೆ ಆ ಹುಡುಗಿ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಾಳೆ ಎಂದು ಮೈದಾನದ ಗಂಡಸರೆಲ್ಲ ಸೇರಿ ಇಟ್ಟ ಹೆಸರು. ಬಂದ ದಿನವೇ ಇವರನ್ನು ಸರ್ ಎಂದಳು, ನನ್ನನ್ನು ಆಂಟಿ ಎಂದಳು. ಸರ್ ಎನ್ನುವಾಗ ಕಣ್ಣು ಅರಳುತ್ತಿತ್ತು. ಆಂಟಿ ಎನ್ನುವಾಗ ಅವಳಿಗೆ ಹಗ್ಗದ ಕೊಂಡಿ ಎಲ್ಲಿದೆ ಅಂತ ಕೇಳುವುದಿರುತ್ತಿತ್ತು, ಅಷ್ಟೇ.

ನೀವು ಅಂದುಕೊಳ್ಳುತ್ತಿರುವ ಹೊಟ್ಟೆಕಿಚ್ಚು ನನ್ನದಲ್ಲ. ಇವರ ಮುಖ ನೋಡಿ ಮರುಳಾಗುವ ಹುಡುಗಿ ಇನ್ನೂ ಹುಟ್ಟಿಲ್ಲ, ನಾನೊಬ್ಬಳು ಹೊರತು. ನನ್ನ ಉರಿಯೇ ಬೇರೆ. ಅದನ್ನು ಹೇಳಬೇಕಾದರೆ ಇವರ ಕೈಗಳ ವಿಷಯ ಹೇಳಬೇಕು.

ಗ್ಲೈಡರಿನಲ್ಲಿ ಕಲಿಯುವವರು ಮುಂದೆ, ಇವರು ಹಿಂದೆ. ಇಬ್ಬರ ಮುಂದೆಯೂ ಒಂದೊಂದು ಕೋಲು. ಎರಡೂ ಒಳಗಿಂದ ಸೇರಿಕೊಂಡಿವೆ, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಈಗ ಕೋಲು ಯಾರದು ಎಂದು ಬಾಯಲ್ಲಿ ಹೇಳಬೇಕು, ಹೇಳಿದ್ದಕ್ಕೆ ಉತ್ತರ ಕೊಡಬೇಕು ಎಂಬುದು ಪುಸ್ತಕದ ನಿಯಮ. ಆದರೆ ಹೆದರಿದವರಿಗೆ ಗಾಳಿಯ ಸದ್ದಿನಲ್ಲಿ ಮಾತು ಕಿವಿಗೆ ಬೀಳುವುದಿಲ್ಲ ಎಂದು ಇವರು ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ನಂಬಿಕೆ ಬಂದ ದಿನ ಹಿಂದಿನಿಂದ ಎರಡೂ ಕೈ ಚಾಚಿ ಕಲಿಯುವವರ ಹೆಗಲ ಮೇಲೆ ಇಡುತ್ತಾರೆ. ಎಂದರೆ, ನೋಡು, ನನ್ನ ಕೈ ಇಲ್ಲಿವೆ, ಕೋಲು ಪೂರ್ತಿ ನಿನ್ನದು. ಹೆಗಲ ಮೇಲಿಂದ ಕೈ ಎದ್ದಿತೋ, ಕೋಲು ಇವರದು, ಮುಂದಿನವರು ತಕ್ಷಣ ಬಿಟ್ಟುಬಿಡಬೇಕು. ಇವರ ಹತ್ತಿರ ಕಲಿತವರಿಗೆಲ್ಲ ಇದು ಉಸಿರಾಡಿದಷ್ಟು ರೂಢಿ.

ಮದುವೆಯಾದ ಹೊಸದರಲ್ಲಿ ನಾನೂ ಆ ಮುಂದಿನ ಸೀಟಿನಲ್ಲಿ ಕೂತವಳು. ನನ್ನ ಹೆಗಲ ಮೇಲೆ ಆ ಕೈ ಒಂದು ದಿನವೂ ಬರಲಿಲ್ಲ. ಹಿಂದಿನವರು ಹಿಡಿದಿದ್ದರೆ ಮುಂದಿನ ಕೋಲಿನಲ್ಲಿ ಆ ಭಾರ ಗೊತ್ತಾಗುತ್ತದೆ. "ಬಿಡ್ರೀ," ಎನ್ನುತ್ತಿದ್ದೆ. "ಬಿಟ್ಟಿದೀನಲ್ಲೇ," ಎನ್ನುತ್ತಿದ್ದರು. ಎಲ್ಲಿ ಬಿಟ್ಟಿದ್ದರು, ಸುಳ್ಳು! ಕೊನೆಗೊಂದು ದಿನ ಇಳಿದು ಬಂದು, ಇನ್ನು ನಾನು ಹತ್ತುವುದಿಲ್ಲ ಎಂದೆ. ಹೋಗಿ ವಿಂಚಿನಲ್ಲಿ ಕೂತೆ. ಅಲ್ಲಾದರೂ ಹಿಡಿ ನನ್ನೊಬ್ಬಳ ಕೈಯಲ್ಲಿರುತ್ತದೆ.

ಹೀಗಿರುವಾಗ ಈ ಕಡ್ಡಿ ಬಂದು ಇನ್ನೂ ಸರಿಯಾಗಿ ಬೆಲ್ಟು ಕಟ್ಟಿಕೊಳ್ಳುವುದನ್ನು ಕಲಿಯುವ ಮೊದಲೇ ಅವಳ ಹೆಗಲ ಮೇಲೆ ಎರಡು ಕೈ! ನಾನು ದುರ್ಬೀನಿನಲ್ಲಿ ಕಣ್ಣಾರೆ ಕಂಡೆ. ಗಾಜಿನ ಮುಚ್ಚಳದ ಕೆಳಗೆ, ಬಿಸಿಲಲ್ಲಿ, ಆ ಎರಡು ಕೈ. ನನ್ನ ಮೈ ಭಗ್ ಎಂದು ಹೊತ್ತಿಕೊಂಡಿತು.

ಅದಾದ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಇವರ ಫ್ಲಾಸ್ಕಿಗೆ ಟೀ ತುಂಬುತ್ತಿದ್ದೆ. ಇವರು ಬೂಟಿನ ದಾರ ಕಟ್ಟಿಕೊಳ್ಳುತ್ತ, "ಇವತ್ತು ಕಡ್ಡಿಗೆ ಹಗ್ಗ ಕಡಿಯೋ ಪಾಠ ಮಾಡ್ತೀನಿ. ನೀನು ಗಮನ ಇಟ್ಕೊ," ಎಂದರು.

ಹಗ್ಗ ಕಡಿಯುವ ಪಾಠ ಎಂದರೆ ಹಗ್ಗವನ್ನು ನಿಜವಾಗಿ ಕಡಿಯುವುದಲ್ಲ. ಅರ್ಧ ಏರಿದಾಗ, ಮುಂದಿನವರಿಗೆ ತಿಳಿಸದೆ, ಇವರು ಕೊಂಡಿ ಕಳಚಿಬಿಡುತ್ತಾರೆ. ಅಷ್ಟು ತಗ್ಗಿನಲ್ಲಿ ದಿಗಿಲು ಬೀಳದೆ ಮೂತಿ ಇಳಿಸಿ, ಸಣ್ಣದೊಂದು ಸುತ್ತು ಬಂದು ಇಳಿಯಬೇಕು. ಕಳಚುತ್ತಾರೆ ಎಂಬುದು ವಿಂಚಿನವಳಿಗೆ ಮಾತ್ರ ಮೊದಲೇ ಗೊತ್ತಿರುತ್ತದೆ. ಅದು ನಮ್ಮಿಬ್ಬರ ಗುಟ್ಟು. ನಮ್ಮಿಬ್ಬರದೇ ಅಂತ ಉಳಿದಿದ್ದ ಗುಟ್ಟು ಅದೊಂದೇ ಇರಬೇಕು.

"ಇಷ್ಟು ಬೇಗನಾ?" ಎಂದೆ.

"ಕೈ ಚೆನ್ನಾಗಿದೆ ಅವಳದು. ಅಂಥ ಕೈ ಅಪರೂಪ ಕಣೇ."

ಫ್ಲಾಸ್ಕನ್ನು ಕುಕ್ಕಿದೆ. "ನನ್ನ ಕೈಗೇನು ದೊಡ್ಡ ರೋಗ ಬಂದಿತ್ತು ಆಗ?"

"ಅಯ್ಯೋ, ಆ ಹಳೇ ಕತೆ ಈಗ್ಯಾಕೆ? ಕಡ್ಡೀನ ಗುಡ್ಡ ಮಾಡ್ತೀಯಲ್ಲ."

"ಕಡ್ಡೀನ ಗುಡ್ಡ ಮಾಡಿದೋರು ನೀವು! ತಲೆ ಮೇಲೆ ಕೂರಿಸ್ಕೊಂಡಿದೀರ. ನಾನು ಅಲ್ಲಿ ಹೊಗೆ ಕುಡ್ಕೊಂಡು ನಿಮ್ಮನ್ನ ಮೇಲೆ ಎಳೀತೀನಿ. ಮೊದಮೊದಲು ಕೊಂಡಿ ಕಳಚಿದ ಮೇಲೆ ಕೆಳಗೆ ನೋಡಿ ಕೈ ಬೀಸ್ತಿದ್ರಿ. ಈಗ? ವಿಂಚಿನಲ್ಲಿ ಒಂದು ಕೋತಿ ಕೂರಿಸಿದ್ರೂ ನಿಮಗೆ ಗೊತ್ತಾಗಲ್ಲ."

"ಕೋತಿಗೆ ಇಷ್ಟು ಸಿಟ್ಟು ಬರಲ್ಲ, ಅದರಲ್ಲೇ ಗೊತ್ತಾಗುತ್ತೆ," ಎಂದು ನಕ್ಕರು. ನಾನು ನಗಲಿಲ್ಲ. ಅವರು ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಗೆ ಮೀಸೆ ಮಾವನ ಜೀಪು ಹಾರನ್ ಹೊಡೆಯಿತು.

ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇರಬೇಕು, ಕೈಗೆ ಇಳಿಯಬಾರದು. ವಿಂಚಿನಲ್ಲಿ ಕೂತಮೇಲೆ ನಾನು ಅದನ್ನು ಎಂದೂ ಇಳಿಯಲು ಬಿಟ್ಟವಳಲ್ಲ. ಮೀಸೆ ಮಾವ ಬಾವುಟ ಬೀಸಿದರು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಎಳೆದೆ. ಗ್ಲೈಡರ್ ಎದ್ದಿತು, ಏರಿತು. ಅರ್ಧಕ್ಕೆ ಬಂದಾಗ ಹಗ್ಗ ಸಡಿಲವಾಯಿತು, ಇವರು ಕಳಚಿದ್ದರು. ನಾನು ಎಂಜಿನ್ ಇಳಿಸಿದೆ. ಹುಡುಗಿ ಮೂತಿ ಇಳಿಸಿದಳು, ವೇಗ ಹಿಡಿದಳು, ಎಡಕ್ಕೆ ತಿರುಗಿದಳು. ಒಪ್ಪಿಕೊಳ್ಳಬೇಕು, ಎಲ್ಲೂ ತಡವರಿಸಲಿಲ್ಲ. ಗ್ಲೈಡರ್ ತಗ್ಗಿನಲ್ಲಿ ನನ್ನ ವಿಂಚಿನ ಕಡೆಗೇ ಬರುತ್ತಿತ್ತು. ಕೊರಳಲ್ಲಿದ್ದ ದುರ್ಬೀನು ಎತ್ತಿದೆ.

ಎರಡೂ ಕೈ ಅವಳ ಹೆಗಲ ಮೇಲಿದ್ದವು. ಹಗ್ಗ ಕಡಿಯುವ ಪಾಠದಲ್ಲಿ! ಎಂಥ ಗಟ್ಟಿಗರಾದರೂ ಆ ಪಾಠದಲ್ಲಿ ಇವರ ಕೈ ಕೋಲಿನ ಪಕ್ಕವೇ ಇರುತ್ತಿತ್ತು. ಸಾಕಪ್ಪ ಸಾಕು ಎನಿಸಿತು. ದುರ್ಬೀನು ಬಿಟ್ಟು, ಪಂಜರದಿಂದ ಇಳಿದು, ಅವರಿಗೆ ಬೆನ್ನು ಹಾಕಿ, ಮುಳ್ಳುಕಂಟಿಗೆ ಸಿಕ್ಕಿಕೊಂಡಿದ್ದ ಹಗ್ಗದ ತುದಿಯನ್ನು ಜಗ್ಗತೊಡಗಿದೆ. ತಲೆಯ ಮೇಲೆ ಸುಯ್ ಎಂದು ಹೋಯಿತು. ನಾನು ತಲೆ ಎತ್ತಲಿಲ್ಲ. ಆಮೇಲೆ ಆ ಸುಯ್ ಎನ್ನುವುದು ಯಾಕೋ ಜೋರಾಯಿತು. ಗ್ಲೈಡರಿನ ಸದ್ದು ಗೊತ್ತಿದ್ದವರಿಗೆ ಅದು ಮೂತಿ ಕೆಳಗಾದ ಸದ್ದು. ತಿರುಗಿದೆ. ತಿರುಗುವಷ್ಟರಲ್ಲಿ ಬೇಲಿಯಾಚೆ ದೊಡ್ಡ ಬೀರು ಮಗುಚಿ ಬಿದ್ದ ಹಾಗೆ ಸದ್ದಾಯಿತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಬೇಲಿ ಹೇಗೆ ದಾಟಿದೆನೋ ಗೊತ್ತಿಲ್ಲ. ಒಂದು ರೆಕ್ಕೆ ಮುರಿದು ಮಡಚಿಕೊಂಡಿತ್ತು, ಮೂತಿ ಮಣ್ಣಲ್ಲಿ ನಾಟಿತ್ತು, ಗಾಜು ಒಡೆದಿತ್ತು. ಇಬ್ಬರೂ ಬದುಕಿದ್ದರು. ಬದುಕಿದ್ದರಷ್ಟೇ ಅಲ್ಲ, ಮಾತಾಡಿಕೊಳ್ಳುತ್ತಿದ್ದರು! ಇವರು ಹಿಂದಿನಿಂದ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು, ಅವಳು ನರಳುತ್ತ ಹೂಂ ಹೂಂ ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಬಾಯಿ ಮುಚ್ಚಿದರು.

"ರೀ!" ಎಂದು ಕೂಗಿದೆ.

"ಮೊದಲು ಅವಳನ್ನ ನೋಡು," ಎಂದರು.

ಅಳುತ್ತಲೇ ಅವಳ ಬೆಲ್ಟು ಬಿಚ್ಚಿದೆ. ಆ ಹೊತ್ತಿನಲ್ಲೂ ನನ್ನ ತಲೆಯೊಳಗೊಬ್ಬಳು ಕೂತು, ಮೊದಲು ಅವಳನ್ನಂತೆ, ಮೊದಲು ಅವಳನ್ನಂತೆ ಎಂದು ಜಪ ಮಾಡುತ್ತಿದ್ದಳು.

ಇವರ ಬೆನ್ನುಮೂಳೆ ಬಿರುಕು ಬಿಟ್ಟಿತ್ತು, ಬಲಗೈ ಮುರಿದಿತ್ತು. ಅವಳ ಕಾಲು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಗಂಡಸರ ವಾರ್ಡು ಕೆಳಗೆ, ಹೆಂಗಸರ ವಾರ್ಡು ಮೇಲೆ. ಪುಣ್ಯಕ್ಕೆ ಅಷ್ಟಾದರೂ ದೂರ ಇಟ್ಟಿದ್ದರು.

ಅಪಘಾತದ ತನಿಖೆಗೆ ಒಬ್ಬ ಸಾಹೇಬರು ಬಂದರು. ಕರ್ಚೀಫಿನಲ್ಲಿ ಕನ್ನಡಕ ಒರೆಸಿ ಒರೆಸಿ ಮಾತಾಡುವ, ಮೃದು ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ತಿರುವಿನಲ್ಲಿ ಕೋಲು ಯಾರ ಕೈಯಲ್ಲಿತ್ತು? ಗ್ಲೈಡರ್ ಪರೀಕ್ಷೆ ಮಾಡಿದ್ದರು, ಅದರಲ್ಲಿ ದೋಷ ಇರಲಿಲ್ಲ. ಯಾರೂ ಹಿಡಿಯದೆ ಬಿಟ್ಟ ಹಾಗೆ ತಾನಾಗಿ ವಾಲುತ್ತ ಹೋಗಿ ನೆಲ ಮುಟ್ಟಿತ್ತು.

"ನನ್ನ ಕೈಲಿತ್ತು, ತಪ್ಪು ನಂದು," ಎಂದರು ಇವರು.

ಸಾಹೇಬರು ಮೇಲಿನ ವಾರ್ಡಿಗೆ ಹೋದರು. "ನನ್ನ ಕೈಲಿತ್ತು, ನಾನೇ ಬಿಟ್ಟೆ, ತಪ್ಪು ನಂದು," ಎಂದಳಂತೆ ಅವಳು.

ಅಬ್ಬಾ, ಏನು ಜೋಡಿ! ಒಬ್ಬರನ್ನೊಬ್ಬರು ಬಿಟ್ಟುಕೊಡುವುದೇ ಇಲ್ಲ! ಇಷ್ಟು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿ ಚೆಲ್ಲಿದರೂ ತಪ್ಪು ನಂದು ಎಂದು ಇವರ ಬಾಯಲ್ಲಿ ಒಂದು ಸಲ ಬಂದದ್ದಿಲ್ಲ.

ಸಾಹೇಬರು ನನ್ನನ್ನು ಕಾರಿಡಾರಿನ ಬೆಂಚಿಗೆ ಕರೆದರು. "ಅಮ್ಮಾ, ನೀವು ಹತ್ತಿರ ಇದ್ರಿ. ನಿಮ್ಮ ಮಾತೇ ಕೊನೆ. ಹುಡುಗಿ ಕೈಲಿದ್ದಿದ್ರೆ ಅವಳನ್ನ ತರಬೇತಿಯಿಂದ ತೆಗೀತೀವಿ, ಇವರಿಗೊಂದು ಎಚ್ಚರಿಕೆ ಕೊಟ್ಟು ಬಿಡ್ತೀವಿ. ಇವರ ಕೈಲಿದ್ದಿದ್ರೆ ಇನ್ನು ಮೇಷ್ಟ್ರ ಸೀಟಿಲ್ಲ, ಗುಣ ಆದ್ಮೇಲೂ ಇಲ್ಲ. ಯೋಚನೆ ಮಾಡಿ ಹೇಳಿ, ನಾಳೆ ಬರ್ತೀನಿ."

ಯೋಚನೆ ಮಾಡುವುದೇನಿತ್ತು? ಆ ಹಿಂದಿನ ಸೀಟು ಹೋದರೆ ಇವರು ಇವರಾಗಿ ಉಳಿಯುವುದಿಲ್ಲ. ನೆಲದ ಮೇಲೆ ಬಲ್ಬು ಬದಲಾಯಿಸಲೂ ಬಾರದ ಮನುಷ್ಯ, ಅಲ್ಲಿ ಕೂತರೆ ಮಾತ್ರ ರಾಜ. ಮೇಲಾಗಿ ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಎರಡು ಕೈ ಅವಳ ಹೆಗಲ ಮೇಲಿದ್ದದ್ದನ್ನು ನಾನೇ ಕಂಡಿದ್ದೆ. ಕಂಡದ್ದನ್ನು ಹೇಳಿದರೆ ಇವರ ಸೀಟು ಉಳಿಯುತ್ತದೆ, ಕಡ್ಡಿ ಮೈದಾನ ಬಿಟ್ಟು ಹೋಗುತ್ತಾಳೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಆದರೂ ಅವಳಿಗೆ ಒಂದು ಮಾತು ಮುಖದ ಮೇಲೆ ಹೇಳದೆ ನನಗೆ ಸಮಾಧಾನವಾಗುವಂತಿರಲಿಲ್ಲ. ಮೇಲಿನ ವಾರ್ಡಿಗೆ ಹತ್ತಿದೆ. ಕಾಲಿಗೆ ತೂಕ ಕಟ್ಟಿ ಎತ್ತಿ ಮಲಗಿಸಿದ್ದರು. ಮುಖದ ಗಾಯ ಒಣಗಿ ಇನ್ನೂ ಸಣ್ಣಗೆ ಕಾಣುತ್ತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಬನ್ನಿ ಆಂಟಿ," ಎಂದಳು.

"ತಪ್ಪು ನಂದು ಅಂದ್ಯಂತೆ."

"ಹೂಂ."

"ನಿಂದೇ. ನಾಳೆ ನಾನೂ ಅದನ್ನೇ ಹೇಳ್ತೀನಿ. ಸರ್ ಮೇಲೆ ಉಪಕಾರ ಹೊರಿಸೋ ನಾಟಕ ಬೇಡ. ಅವರ ಎರಡೂ ಕೈ ನಿನ್ನ ಹೆಗಲ ಮೇಲಿತ್ತು. ಈ ಕಣ್ಣಲ್ಲಿ ನೋಡಿದೀನಿ."

ಅವಳು ಮೆಲ್ಲಗೆ ತಲೆ ತಿರುಗಿಸಿದಳು. "ನೋಡಿದ್ರಾ? ಹಾಗಾದ್ರೆ ಆಮೇಲಿಂದನ್ನೂ ನೋಡಿರ್ತೀರಲ್ಲ."

"ಆಮೇಲಿಂದೇನು?"

ಗಾಳಿ ಹೋದ ಚೀಲದ ಹಾಗೆ ಅವಳ ಮುಖ ಕುಗ್ಗಿತು. "ಏನಿಲ್ಲ ಬಿಡಿ. ನಾನೇ ಬಿಟ್ಟೆ ಅಂತ ಹೇಳಿ. ಪರವಾಗಿಲ್ಲ."

"ಆಮೇಲಿಂದೇನು ಅಂತ ಕೇಳಿದೆ."

"ನಿಮಗೆ ಹೇಳ್ಬಾರದು ಅಂತ ಸರ್ ಆಣೆ ಹಾಕಿಸ್ಕೊಂಡಿದಾರೆ."

ನನ್ನ ಬಾಯಿಂದ ಏನು ಬಂದಿತೋ, ಪಕ್ಕದ ಹಾಸಿಗೆಯ ಮುದುಕಿ ಎದ್ದು ಕೂತರು. ನನ್ನ ಗಂಡ, ನನಗೆ ಹೇಳಬಾರದ ಮಾತು, ಇವಳ ಹತ್ತಿರ, ಆಣೆ! ಅವಳು ಅಳುತ್ತ ಹೇಳಿದಳು.

"ನಿಮ್ಮ ವಿಂಚಿನ ಹತ್ತಿರ ಬಂದಾಗ ನನ್ನ ಹೆಗಲ ಮೇಲಿಂದ ಕೈ ಎದ್ದುಹೋಯ್ತು. ಕೈ ಎದ್ರೆ ಕೋಲು ಸರ್‌ದು, ಅಲ್ವಾ? ನಾನು ಬಿಟ್ಟೆ. ಸರ್ ಹಿಡ್ಕೊಂಡಿದಾರೆ ಅಂತ ನಾನು, ನಾನು ಹಿಡ್ಕೊಂಡಿದೀನಿ ಅಂತ ಸರ್. ವಾಲ್ತಾ ಇದೆ ಅಂತ ಗೊತ್ತಾಗೋಷ್ಟ್ರಲ್ಲಿ ನೆಲ ಬಂದಿತ್ತು."

"ಕೈ ಯಾಕೆ ಎತ್ತಿದ್ರು?"

"ಬಿದ್ದ ಮೇಲೆ ಅವರೇ ಹೇಳಿದ್ರು. ನಿಮಗೆ ಕೈ ಬೀಸಿದ್ರಂತೆ."

ನಾನು ಹಾಸಿಗೆಯ ಕಬ್ಬಿಣ ಹಿಡಿದುಕೊಂಡೆ.

"ಬೆಳಿಗ್ಗೆ ನೀವು ಕೇಳಿದ್ರಂತೆ. ಅದಕ್ಕೇ ಬೀಸಿದೆ, ಇದು ಗೊತ್ತಾದ್ರೆ ಅವಳು ಜನ್ಮದಲ್ಲಿ ತನ್ನನ್ನ ತಾನು ಕ್ಷಮಿಸ್ಕೊಳ್ಳಲ್ಲ, ಹೇಳ್ಬೇಡ ಮರಿ, ಅಂದ್ರು. ಅಷ್ಟರಲ್ಲಿ ನೀವು ಓಡಿ ಬಂದ್ರಿ." ಅವಳು ಕಣ್ಣೊರೆಸಿಕೊಂಡಳು. "ನೀವು ನೋಡಿರ್ತೀರ ಅಂದ್ಕೊಂಡಿದ್ದೆ ಅಕ್ಕ. ತಲೆ ಮೇಲೇ ಹೋದ್ವಲ್ಲ."

ಅಕ್ಕ ಎಂದದ್ದು ಆಮೇಲೆ, ಮೆಟ್ಟಿಲಿಳಿಯುವಾಗ ಮನಸ್ಸಿಗೆ ಬಂತು. ಮೆಟ್ಟಿಲ ನಡುವೆ ಕೂತುಬಿಟ್ಟೆ. ಮುಳ್ಳುಕಂಟಿಯಲ್ಲಿ ಹಗ್ಗ ಜಗ್ಗುತ್ತ ಬೆನ್ನು ಹಾಕಿ ನಿಂತ ನಾನು, ನನ್ನ ತಲೆಯ ಮೇಲೆ ಆ ಕೈ. ಎಷ್ಟು ಸಲ ಬೀಸಿದರೋ. ಒಮ್ಮೆಯೋ, ನಾನು ತಿರುಗುವ ತನಕ ಬೀಸುತ್ತಲೇ ಇದ್ದರೋ. ಅಯ್ಯೋ ನನ್ನ ಹಾಳು ಸಿಟ್ಟೇ! ಅಷ್ಟರಲ್ಲೂ ಒಂದು ಉರಿ ಉಳಿದಿತ್ತು: ನನ್ನದೇ ಗುಟ್ಟನ್ನೂ ಅವಳ ಹತ್ತಿರ ಇಟ್ಟಿದ್ದರಲ್ಲ.

ಮರುದಿನ ಸಾಹೇಬರು ಬಂದರು. ಇವರ ಹಾಸಿಗೆಯ ಪಕ್ಕವೇ ಕುರ್ಚಿ ಎಳೆದುಕೊಂಡು ಕನ್ನಡಕ ಒರೆಸಿದರು. ಮೀಸೆ ಮಾವ ಕಾಲ ಬಳಿ ನಿಂತಿದ್ದರು. "ಹೇಳಮ್ಮಾ, ಏನು ನೋಡಿದ್ರಿ?"

"ನಾನು ಹೇಳಿದೀನಲ್ಲ ಸಾರ್, ನನ್ನ ಕೈಲಿತ್ತು," ಎಂದು ಇವರು ಮಲಗಿದಲ್ಲಿಂದಲೇ ಅವಸರ ಮಾಡಿದರು.

"ನೀವು ಸುಮ್ನಿರ್ರೀ," ಎಂದೆ. "ಕೋಲು ಯಾರ ಕೈಲೂ ಇರ್ಲಿಲ್ಲ ಸಾಹೇಬ್ರೆ. ಇವರ ಎರಡೂ ಕೈ ಆ ಹುಡುಗಿ ಹೆಗಲ ಮೇಲಿತ್ತು. ಒಂದು ಕೈ ತೆಗೆದ್ರು. ತೆಗೆದ್ರೆ ಅವಳು ಕೋಲು ಬಿಡ್ಬೇಕು, ಹಾಗೆ ಕಲಿಸಿದೋರು ಇವರೇ. ಅವಳು ಬಿಟ್ಲು. ಅವಳದೇನೂ ತಪ್ಪಿಲ್ಲ."

ಹೇಳುತ್ತ ಹೇಳುತ್ತ ಇವರ ಹಿಂದಿನ ಸೀಟು ನನ್ನ ಬಾಯಿಂದಲೇ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಇವರ ಕಣ್ಣು ನನ್ನ ಮೇಲೇ ಇತ್ತು. ಸೀಟಿನ ಚಿಂತೆಯಲ್ಲ ಆ ಕಣ್ಣಲ್ಲಿದ್ದದ್ದು. ಇವಳಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬ ದಿಗಿಲು.

"ಕೈ ಯಾಕೆ ತೆಗೆದ್ರು?" ಸಾಹೇಬರು ಕೇಳಿದರು.

"ನನಗೆ ಕೈ ಬೀಸೋಕೆ. ಬೀಸಿ ಅಂತ ಬೆಳಿಗ್ಗೆ ನಾನೇ ಜಗಳ ಆಡಿದ್ದೆ."

ಸಾಹೇಬರ ಕರ್ಚೀಫು ನಿಂತಿತು. "ಅದನ್ನ ನೀವು ಕಣ್ಣಾರೆ ನೋಡಿದ್ರಾ? ಯಾರೋ ಹೇಳಿದ್ದಾದ್ರೆ ಬರಕೊಳ್ಳೋಕಾಗಲ್ಲ."

ಇವರು ನನ್ನನ್ನೇ ನೋಡುತ್ತಿದ್ದರು.

"ನೋಡಿದೆ," ಎಂದೆ. "ನಾನೂ ಬೀಸಿದೆ."

ಸಾಹೇಬರು ಬರೆದುಕೊಂಡರು, ನನ್ನ ಸಹಿ ಹಾಕಿಸಿಕೊಂಡರು, ಇವರ ಎಡಗೈ ಮುಟ್ಟಿ, "ಬೇಜಾರಾಗ್ತಿದೆ ಮೇಷ್ಟ್ರೇ," ಎಂದು ಹೇಳಿ ಹೋದರು. ಮೀಸೆ ಮಾವ ಅವರನ್ನು ಬಿಟ್ಟು ಬರಲು ಹೊರಟರು, ಮೂಗು ಸೀಟಿಕೊಳ್ಳುತ್ತ. ಇವರು ಚಾವಣಿ ನೋಡುತ್ತ ಮಲಗಿದ್ದರು. ಸೀಟು ಕಳಕೊಂಡ ಮನುಷ್ಯನ ಮುಖ ಹೇಗಿರುತ್ತದೋ ಎಂದು ಹೆದರಿ ನಾನು ಆ ಕಡೆ ನೋಡಲಿಲ್ಲ. ಕೊನೆಗೆ ನೋಡಿದೆ. ಕಣ್ಣಂಚಿನಿಂದ ನೀರು ಕಿವಿಗೆ ಇಳಿದಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ನೀನೂ ಬೀಸಿದ್ಯಾ?" ಎಂದರು. "ನನಗೆ ಕಾಣಲೇ ಇಲ್ವಲ್ಲೇ."

"ನೀವು ಯಾವತ್ತು ಸರಿಯಾಗಿ ನೋಡಿದೀರಿ, ಹೇಳಿ," ಎಂದು ಬೈದು, ಅವರ ಕಿವಿ ಒರೆಸಿದೆ.